ಸ್ಟೋಕಲ್ಲಿ ಮನೆ ತಗೊಂಡಿದ್ದು: ಅಗ್ಗ ಯಾಕೆ ಅಂತ ಮೊದ್ಲು ಹುಡುಕ್ದೆ

ಒಂದು ಲಕ್ಷ ಚಿಲ್ಲರೆ ಪೌಂಡಿಗೆ ಇಂಗ್ಲೆಂಡಲ್ಲಿ ಸ್ವಂತ ಮನೆ ಆಯ್ತು ಅಂದ್ರೆ ಲಂಡನ್ ಕಡೆ ಇರೋ ನಮ್ಮೋರು ನಂಬಲ್ಲ, ನಂಬಿದ್ರೂ ಮುಂದಿನ ಮಾತು "ಏರಿಯಾ ಹೆಂಗಪ್ಪಾ?" ಅಂತಾನೇ. ನಾವಿರೋದು ಸ್ಟೋಕ್-ಆನ್-ಟ್ರೆಂಟ್, ಅದ್ರಲ್ಲೂ ಬರ್ಸ್ಲೆಮ್ ಕಡೆ. ನಮ್ಮನೆಯವಳು ಇಲ್ಲಿ ನರ್ಸು, ನಂದು ಐಟಿ ಸಪೋರ್ಟ್ ಕೆಲಸ, ಮನೆಯಿಂದಾನೇ ಜಾಸ್ತಿ, ಆಫೀಸಿಗೆ ಹೋಗ್ಬೇಕಾದ್ರೆ ಮ್ಯಾಂಚೆಸ್ಟರ್‌ಗೆ ಟ್ರೈನಲ್ಲಿ ಮುಕ್ಕಾಲು ಗಂಟೆ. ಸುಮಾರು ಜನ ಕೇಳ್ತಾನೇ ಇರ್ತಾರೆ ಅಂತ ಒಂದ್ಸಲ ಎಲ್ಲಾ ಬರೆದು ಬಿಡ್ತಿದೀನಿ.

ಈ ಊರು ಅಂದ್ರೆ ಒಂದಲ್ಲ, ಆರು ಊರು. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್, ಇವನ್ನೆಲ್ಲ 1910ರಲ್ಲಿ ಒಟ್ಟಿಗೆ ಸೇರಿಸಿದ್ರು, 1925ರಲ್ಲಿ ಸಿಟಿ ಅಂತ ಆಯ್ತು. ಕಪ್-ಬಸಿ ಮಾಡೋ ಪಿಂಗಾಣಿ ಫ್ಯಾಕ್ಟರಿಗಳದ್ದೇ ರಾಜ್ಯ. ಇಲ್ಲಿನೋರು ಆ ಫ್ಯಾಕ್ಟರಿಗೆ ಪಾಟ್‌ಬ್ಯಾಂಕ್ ಅಂತಾರೆ. ಒಂದು ಕಾಲದಲ್ಲಿ ಪಿಂಗಾಣಿ ಸುಡೋ ಬಾಟಲಿ ಆಕಾರದ ಗೂಡುಗಳು ಎರಡು ಸಾವಿರಕ್ಕಿಂತ ಜಾಸ್ತಿ ಇದ್ವಂತೆ, ಈಗ ಉಳಿದಿರೋದು ಐವತ್ತೂ ಇಲ್ಲ. ಜೊತೆಗೆ ಕಲ್ಲಿದ್ದಲು, ಉಕ್ಕು. ಚಾಟರ್ಲಿ ವಿಟ್‌ಫೀಲ್ಡ್ ಗಣಿ 1977ರಲ್ಲಿ ಮುಚ್ತು, ಶೆಲ್ಟನ್ ಬಾರ್ ಅನ್ನೋ ಕಾರ್ಖಾನೇಲಿ ಉಕ್ಕು ಕರಗಿಸೋದು 1978ಕ್ಕೆ ನಿಂತ್ಹೋಯ್ತು, ಪಿಂಗಾಣಿ ಕಂಪನಿ ರಾಯಲ್ ಡೌಲ್ಟನ್ನಿನ ನೈಲ್ ಸ್ಟ್ರೀಟ್ ಫ್ಯಾಕ್ಟರಿ 2005ರಲ್ಲಿ, ಸ್ಪೋಡ್ ಕಂಪನೀದು 2008ರಲ್ಲಿ ಮುಚ್ಚಿದ್ವು. ನಾನು ಚನ್ನಗಿರಿ ಕಡೆಯೋನು, ದಾವಣಗೆರೆ ಕಾಟನ್ ಮಿಲ್ಲುಗಳು ಮುಚ್ಚಿದ್ಮೇಲೆ ಆ ಏರಿಯಾಗಳು ಹೆಂಗಾದ್ವು ಅಂತ ನೋಡಿದೀನಿ, ಅದಕ್ಕೇ ಏನೋ ಇಲ್ಲಿ ಖಾಲಿ ಬಿದ್ದಿರೋ ಫ್ಯಾಕ್ಟರಿ ನೋಡಿ ಬೇರೆಯೋರಷ್ಟು ಗಾಬರಿ ಆಗ್ಲಿಲ್ಲ.

ನನ್ನ ಲೆಕ್ಕ ಏನಿತ್ತು ಅಂದ್ರೆ, ಇಲ್ಲಿ ಮನೆ ಅಗ್ಗ ಇರೋಕೆ ಎರಡು ಥರ ಕಾರಣ. ಒಂದು ಊರಿನ ಕಾರಣ, ಕೆಲಸ ಹೋಯ್ತು, ಜನ ಹೋದ್ರು, ಬೆಲೆ ಬಿತ್ತು. 2013ರಲ್ಲಿ ಇಲ್ಲೇ ಪಕ್ಕದ ಕೋಬ್ರಿಜಲ್ಲಿ ಕೌನ್ಸಿಲ್‌ನೋರು ಪಾಳು ಬಿದ್ದ ಮನೆಗಳನ್ನ ಒಂದೊಂದು ಪೌಂಡಿಗೆ ಕೊಟ್ರು, ರಿಪೇರಿಗೆ ಸಾಲಾನೂ ಅವರೇ ಕೊಟ್ರು, ಅಷ್ಟು ಕೆಳಗೆ ಹೋಗಿತ್ತು. ಇನ್ನೊಂದು ಆ ಮನೇದೇ ಕಾರಣ, ಗೋಡೆ ತೇವ, ಕೆಳಗೆ ಗಣಿ, ಪಕ್ಕದ ಮನೆ ಪಾಳು. ಮೊದಲನೇದು ನಮಗೆ ಲಾಭ, ಎರಡನೇದು ನಮ್ಮ ತಲೆಮೇಲೆ ಬರೋದು. ಎರಡನ್ನೂ ಬೇರೆ ಮಾಡೋಕೆ ಬಂದ್ರೆ ಅರ್ಧ ಕೆಲಸ ಮುಗೀತು, ಎಸ್ಟೇಟ್ ಏಜೆಂಟ್ ಅಂತೂ ಅದನ್ನ ಮಾಡಿಕೊಡಲ್ಲ, ಅವನು ಮಾರೋನ ಕಡೆಯೋನು.

ಬೀದಿ ನೋಡೋದಕ್ಕೆ ಬೆಳಿಗ್ಗೆ ಹೋದ್ವಿ, ಕತ್ತಲಾದ್ಮೇಲೆ ಹೋದ್ವಿ, ಇಲ್ಲಿನ ಫುಟ್‌ಬಾಲ್ ಟೀಮ್ ಪೋರ್ಟ್ ವೇಲ್ ಮ್ಯಾಚ್ ಇರೋ ಶನಿವಾರಾನೂ ಹೋದ್ವಿ (ಆವತ್ತು ಪಾರ್ಕಿಂಗ್ ಮರೆತುಬಿಡಿ). ನಾನು ಮುಖ್ಯವಾಗಿ ನೋಡ್ತಿದ್ದಿದ್ದು ಹಿಂದಿನ ಓಣಿ, ಅಲ್ಲಿ ಹಳೇ ಸೋಫಾ ಹಾಸಿಗೆ ಬಿದ್ದಿವೆಯಾ, ಓಣಿಗೆ ಗೇಟ್ ಇದೆಯಾ, ಅದಕ್ಕೆ ಬೀಗ ಹಾಕ್ತಾರಾ ಅಂತ. ಮುಂದಿನ ಬಾಗಿಲಿಗೆ ಯಾರು ಬೇಕಾದ್ರೂ ಪೇಂಟ್ ಹೊಡೀತಾರೆ, ಬೀದಿ ಜನ ಹೆಂಗೆ ಅಂತ ಹಿಂದಿನ ಓಣಿ ಹೇಳುತ್ತೆ. ಪಕ್ಕದ ಎರಡೂ ಮನೇಲಿ ಜನ ಇದಾರಾ ಅಂತಾನೂ ನೋಡ್ಬೇಕು. ಟೆರೇಸ್ಡ್ ಮನೆ ಅಂದ್ರೆ ಇಡೀ ಸಾಲಿಗೆ ಒಂದೇ ಗೋಡೆ ಒಂದೇ ಛಾವಣಿ ಇದ್ದಂಗೆ, ಪಕ್ಕದ ಖಾಲಿ ಮನೆ ಸೋರಿದ್ರೆ ನೀರು ನಮ್ಮ ಬೆಡ್‌ರೂಮಿಗೆ ಬರುತ್ತೆ.

ಆಮೇಲೆ ನೆಲ. ಕಲ್ಲಿದ್ದಲು ಏರಿಯಾ ಆದ್ರೆ ಸಾಲಿಸಿಟರ್ (ಮನೆ ಕಾಗದಪತ್ರ ನೋಡೋ ವಕೀಲರು) ಕೈಲಿ ಕೋಲ್ ಮೈನಿಂಗ್ ಸರ್ಚ್ ಮಾಡಿಸಲೇಬೇಕು, ಸಾಲ ಕೊಡೋ ಬ್ಯಾಂಕೂ ಬಿಡಲ್ಲ. ಕೆಳಗೆ ಯಾವ ಪದರ ತೆಗೆದಿದಾರೆ, ಹತ್ರ 20 ಮೀಟರ್ ಒಳಗೆ ಗಣಿ ಬಾವಿ ಇದೆಯಾ, ಹಿಂದೆ ನೆಲ ಕುಸಿದು ಕ್ಲೈಮ್ ಮಾಡಿದಾರಾ ಅಂತ ಅದ್ರಲ್ಲಿ ಬರುತ್ತೆ. ನಮ್ಮನೆ ಕೆಳಗೂ ಹಳೇ ಗಣಿ ಇದೆ ಅಂತಾನೇ ಬಂತು! ಅಮ್ಮಂಗೆ ಹೇಳಲೇ ಇಲ್ಲ ಬಿಡಿ. ಆದ್ರೆ ಆಳದ ಕೆಲಸ, ನಿಂತು ದಶಕಗಳಾಗಿತ್ತು, ಬಾವಿ ಹತ್ರ ಇರ್ಲಿಲ್ಲ. ಕಲ್ಲಿದ್ದಲು ಗಣಿಯಿಂದಾನೇ ಕುಸಿದ್ರೆ ರಿಪೇರಿಗೆ 1991ರ ಕಾನೂನು ಇದೆ, ಮೈನಿಂಗ್ ರೆಮಿಡಿಯೇಷನ್ ಅಥಾರಿಟಿ (ಮೊದ್ಲು ಕೋಲ್ ಅಥಾರಿಟಿ ಅಂತಿತ್ತು) ಅಥವಾ ಲೈಸೆನ್ಸ್ ಇರೋ ಗಣಿ ಕಂಪನಿ ಜವಾಬ್ದಾರಿ. ಜೇಡಿಮಣ್ಣು ತೆಗೆದ ಗುಂಡಿ ಮಾತ್ರ ಆ ಲೆಕ್ಕಕ್ಕೆ ಬರಲ್ಲ, ಇಲ್ಲಿ ಮಾರ್ಲ್ ಹೋಲ್ ಅಂತಾರೆ, ಅಗೆದು ಅಗೆದು ಆಮೇಲೆ ಕಸ ತುಂಬಿಸಿ ಮುಚ್ಚಿರೋವು, ಅದಕ್ಕೆ ಹಳೇ ಮ್ಯಾಪ್ ನೋಡ್ಬೇಕು. ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ಸೈಟಲ್ಲಿ ಇಂಗ್ಲೆಂಡಿನ ಹಳೇ ಆರ್ಡ್‌ನೆನ್ಸ್ ಸರ್ವೆ ಮ್ಯಾಪುಗಳೂ ಫ್ರೀಯಾಗಿ ಸಿಗ್ತವೆ, ಇವತ್ತಿನ ಮ್ಯಾಪ್ ಮೇಲೆ ಇಟ್ಟು ನೋಡ್ಬಹುದು. ಒಂದು ಚೆಂದದ ಮನೆ ಇದ್ರಿಂದಾನೇ ಕೈಬಿಟ್ವಿ, ಅದು ನಿಂತಿದ್ದೇ ಅಂಥ ಗುಂಡಿ ಅಂಚಲ್ಲಿ.

ತೇವದ ವಿಷ್ಯ ಉದ್ದ ಇದೆ. ವಿಕ್ಟೋರಿಯಾ ಕಾಲದ ಈ ಮನೆಗಳಿಗೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಈಗಿನ ಮನೆಗಳ ಥರ ಮಧ್ಯ ಖಾಲಿ ಜಾಗ ಇರಲ್ಲ. ಸುಣ್ಣದ ಗಾರೆಲಿ ಕಟ್ಟಿರೋದು, ಗೋಡೆ ನೀರು ಕುಡಿದ್ರೂ ಬಿಸಿಲು ಗಾಳಿಗೆ ಆರ್ತಾ ಇರ್ಬೇಕು, ಆದ್ರೆ ಮಧ್ಯ ಯಾರೋ ಬಂದು ಹೊರಗಡೆ ಸಿಮೆಂಟ್ ಮೆತ್ತಿರ್ತಾರೆ ಒಳಗಡೆ ಜಿಪ್ಸಮ್ ಪ್ಲಾಸ್ಟರ್ ಹೊಡೆದಿರ್ತಾರೆ, ನೀರು ಒಳಗೇ ಸಿಕ್ಕಾಕೊಂಡು ಗೋಡೆ ಬುಡದಲ್ಲಿ ಕಪ್ಪಾಗುತ್ತೆ. ಬ್ಯಾಂಕಿನ ವ್ಯಾಲ್ಯುವೇಷನ್ನೇ ಮನೆ ಸ್ಥಿತಿ ನೋಡೋ ಸರ್ವೆ ಅಂದ್ಕೋಬೇಡಿ, ಅದು ಅವರ ದುಡ್ಡಿನ ಚಿಂತೆಗೆ ಮಾಡೋದು. ನಾವು ಆರ್‌ಐಸಿಎಸ್ (ಸರ್ವೆಯರ್‌ಗಳ ಸಂಸ್ಥೆ) ಲೆವೆಲ್ 3, ಅಂದ್ರೆ ಎಲ್ಲಕ್ಕಿಂತ ವಿವರವಾದ ಸರ್ವೆನೇ ಮಾಡಿಸಿದ್ವಿ, ಇಷ್ಟು ಹಳೇ ಮನೆಗೆ ಅದೇ ಸರಿ. ಜೊತೆಗೆ ಒಂದು ಡ್ಯಾಂಪ್ ಕಂಪನಿಯೋನು ಫ್ರೀಯಾಗಿ ನೋಡ್ತೀನಿ ಅಂತ ಬಂದು, ಮೀಟರ್ ಚುಚ್ಚಿ, ಗೋಡೆ ಪೂರ್ತಿ ಕೆಮಿಕಲ್ ಇಂಜೆಕ್ಷನ್ ಕೊಡ್ಬೇಕು ಅಂತ ಸಾವಿರಾರು ಪೌಂಡ್ ಕೋಟ್ ಕೊಟ್ಟ. ದುಡ್ಡು ಕೊಟ್ಟು ಕರೆಸಿದ ಸರ್ವೆಯರ್ ಹೇಳಿದ್ದೇ ಬೇರೆ: ಛಾವಣಿ ನೀರು ಹೋಗೋ ಗಟರ್ ಒಡೆದಿದೆ, ಹಿತ್ತಲ ಕಾಂಕ್ರೀಟ್ ನೆಲ ಗೋಡೆಯ ತೇವ ತಡೆಯೋ ಪದರಕ್ಕಿಂತ ಮೇಲೆ ಬಂದಿದೆ, ಅವೆರಡು ಮೊದ್ಲು ಸರಿ ಮಾಡಿಸಿ ಒಂದು ವರ್ಷ ಸುಮ್ನಿರಿ ಅಂತ. ಹಂಗೇ ಮಾಡಿದ್ವಿ, ತಗೊಳೋಕೆ ಮುಂಚೆ ಆ ರಿಪೋರ್ಟ್ ಇಟ್ಕೊಂಡು ರೇಟೂ ಇಳಿಸಿದ್ವಿ. ಗೋಡೆ ಒಣಗ್ತು. ಇನ್ನು ಮೂಲೆಲಿ ಬೂಷ್ಟು ಬರೋದು ನಮ್ಮ ಅಡುಗೆಯಿಂದ, ಕುಕ್ಕರು, ಒಗ್ಗರಣೆ, ಚಳಿಗಾಲದಲ್ಲಿ ಒಳಗೇ ಬಟ್ಟೆ ಒಣಗಿಸೋದು. ಹೊಗೆ ಹೊರಗೆ ಬಿಡೋ ಎಕ್ಸ್‌ಟ್ರಾಕ್ಟರ್ ಫ್ಯಾನ್ ಹಾಕ್ಸಿ, ಒಳಗೇ ಸುತ್ತಿಸೋ ಫಿಲ್ಟರ್ ಹುಡ್ ಬೇಡ.

ದುಡ್ಡಿನ ಕಡೆ ಬಂದ್ರೆ, ವೀಸಾದಲ್ಲಿ ಇರೋರಿಗೆ ಕೆಲವು ಬ್ಯಾಂಕ್ ಡಿಪಾಸಿಟ್ ಜಾಸ್ತಿ ಕೇಳ್ತಾರೆ, ಅದಕ್ಕೆ ಬ್ರೋಕರ್ ಹಿಡಿದ್ವಿ. ಅಪ್ಪ ಸ್ವಲ್ಪ ಕಳಿಸಿದ್ರು, ಅಡಿಕೆ ದುಡ್ಡು. ಸಾಲಿಸಿಟರ್‌ಗೆ ಈ ದುಡ್ಡು ಎಲ್ಲಿಂದ ಬಂತು ಅಂತ ಪುರಾವೆ ಬೇಕು, ಅಡಿಕೆ ಅಂದ್ರೇನು, ಅದನ್ನ ಯಾರು ತಿಂತಾರೆ, ಯಾಕೆ ಅಷ್ಟು ರೇಟು ಅಂತ ಅವಳಿಗೆ ಈಮೇಲಲ್ಲಿ ಬಿಡಿಸಿ ಬರೆದೆ, ಸೊಸೈಟಿ ಬಿಲ್ಲು, ಅಪ್ಪನ ಪಾಸ್‌ಬುಕ್ಕು, ವಾಪಸ್ ಕೇಳಲ್ಲ ಅನ್ನೋ ಗಿಫ್ಟ್ ಲೆಟರ್ ಎಲ್ಲಾ ಕೊಟ್ಮೇಲೆ ಒಪ್ಪಿದ್ಲು. ಕ್ಯಾಶಲ್ಲಿ ವ್ಯವಹಾರ ಮಾಡೋ ಮನೆಯೋರು ಇದನ್ನ ಮುಂಚೇನೇ ಬ್ಯಾಂಕ್ ಮೂಲಕ ಮಾಡ್ಕೊಳ್ಳಿ.

ಸ್ಟ್ಯಾಂಪ್ ಡ್ಯೂಟಿ ಹುಷಾರು. ಮೊದಲ ಮನೆ ತಗೊಳೋರಿಗೆ 3 ಲಕ್ಷ ಪೌಂಡ್‌ವರೆಗೆ ಇಲ್ಲ, ಆದ್ರೆ ಮೊದಲ ಮನೆ ಅಂದ್ರೆ ಇಡೀ ಪ್ರಪಂಚದಲ್ಲಿ. ಊರಲ್ಲಿ ನಿಮ್ಮ ಹೆಸರಲ್ಲೋ ಜೊತೇಲಿ ತಗೊಳೋ ಹೆಂಡ್ತಿ ಹೆಸರಲ್ಲೋ ಮನೆ, ಬೆಂಗಳೂರಲ್ಲಿ ಫ್ಲಾಟು, ಪಿತ್ರಾರ್ಜಿತದಲ್ಲಿ ಒಂದು ಪಾಲು ಇದ್ರೂ ಆ ರಿಯಾಯ್ತಿ ಹೋಯ್ತು. ಅದರ ಬೆಲೆ 40 ಸಾವಿರ ಪೌಂಡ್ ದಾಟಿದ್ರೆ ಎರಡನೇ ಮನೆ ಅಂತ 5 ಪರ್ಸೆಂಟ್ ಎಕ್ಸ್‌ಟ್ರಾ ಬೀಳ್ಬಹುದು. ಖಾಲಿ ಸೈಟು, ತೋಟ ಇವೆಲ್ಲ ಮನೆ ಅಂತ ಲೆಕ್ಕ ಆಗಲ್ಲ, ನಮಗಿದ್ದಿದ್ದು ಅಷ್ಟೇ.

ಆಫರ್ ಒಪ್ಪಿದ್ರು ಅಂತ ಸ್ವೀಟ್ ಹಂಚಬೇಡಿ. ನಮ್ಮಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡಂಗೆ ಅಲ್ಲ, ಇಲ್ಲಿ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಸಹಿ ಹಾಕಿದ ಕರಾರನ್ನ ಎರಡೂ ಕಡೆಯೋರು ಅದಲು ಬದಲು ಮಾಡ್ಕೊಳೋದು) ಆಗೋವರೆಗೂ ಯಾರು ಬೇಕಾದ್ರೂ ಕೈ ಎತ್ತಬಹುದು, ಅಷ್ಟರಲ್ಲಿ ಸರ್ವೆ ಸರ್ಚು ಅಂತ ನಿಮ್ಮ ಜೇಬು ಖಾಲಿ.

ಬದುಕು ಹೆಂಗಿದೆ ಅಂದ್ರೆ, 2024ರ ಆಗಸ್ಟಲ್ಲಿ ಹ್ಯಾನ್ಲಿಲಿ ವಲಸೆ ಬಂದೋರ ವಿರುದ್ಧ ಗಲಾಟೆ ಆದಾಗ ಹೆದರಿದ್ವಿ, ಸುಳ್ಳು ಹೇಳಲ್ಲ. ಆವತ್ತು ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿ, ಅಂಗಡಿಯಿಂದ ಏನಾದ್ರೂ ಬೇಕಾ ಡಕ್ ಅಂತ ಕೇಳಿ ಹೋದ್ಲು (ಇಲ್ಲಿ ಎಲ್ರಿಗೂ ಡಕ್ ಅಂತಾನೇ ಕರೆಯೋದು). ಆಕೆ ಪಾಟ್‌ಬ್ಯಾಂಕಲ್ಲಿ ಪ್ಲೇಟಿಗೆ ಬಣ್ಣ ಹಚ್ಚೋ ಪೇಂಟ್ರೆಸ್ ಆಗಿದ್ದೋಳು. ಈ ಊರೋರಿಗೆ ಎಲ್ಲೇ ಹೋದ್ರೂ ತಟ್ಟೆ ಮಗುಚಿ ಯಾವ ಕಂಪನಿ ಮುದ್ರೆ ಅಂತ ನೋಡೋ ಚಟ. ನಮ್ಮನೇಲಿ ಕಾಫಿ ಕುಡಿದು ಸ್ಟೀಲ್ ಲೋಟಾನೂ ಮಗುಚಿ ನೋಡಿದ್ಲು, ಮೇಲೆ ನಮ್ಮಮ್ಮನ ಹೆಸರು ಕೊರೆಸಿದ್ದನ್ನ ತೋರಿಸಿ ಇದ್ಯಾವ ಫ್ಯಾಕ್ಟರಿ ಅಂದ್ಲು. ಮದುವೆಗೆ ಕೊಟ್ಟಿದ್ದು, ಕಳೆದುಹೋಗ್ಬಾರ್ದು ಅಂತ ಹೆಸರು ಹಾಕ್ಸೋದು ಅಂದೆ. ಭಾಳ ಒಳ್ಳೆ ಪದ್ಧತಿ ಅಂದ್ಲು. ಭಾನುವಾರ ಬೆಳಿಗ್ಗೆ ಇಲ್ಲಿನ ಓಟ್‌ಕೇಕ್ ತರ್ತೀವಿ, ನೋಡೋಕೆ ದೋಸೆ ಥರಾನೇ, ಚೀಸ್ ಹಾಕಿ ಮಡಚಿ ಕೊಡ್ತಾರೆ, ನಾವು ಚಟ್ನಿಪುಡಿ ಸೇರಿಸ್ತೀವಿ.

ಹಿತ್ತಲು ಅಗೆದ್ರೆ ನೀಲಿ ಬಿಳಿ ಪಿಂಗಾಣಿ ಚೂರೇ ಚೂರು, ಮಕ್ಕಳಿಗೆ ಖುಷಿ. ಆದ್ರೆ ಹಳೇ ಕಾಲದ ಗ್ಲೇಜಲ್ಲಿ ಸೀಸ ಇರ್ತಿತ್ತು, ಅದಕ್ಕೆ ಸೊಪ್ಪು ಆ ಮಣ್ಣಲ್ಲಿ ಬೆಳೆಯಲ್ಲ, ಮರದ ಪೆಟ್ಟಿಗೆ ಮಾಡಿ ಹೊರಗಿಂದ ತಂದ ಕಾಂಪೋಸ್ಟಲ್ಲಿ ಮೆಂತ್ಯ ಕೊತ್ತಂಬರಿ ಹಾಕಿದೀವಿ.

ಈಗ ಉಳಿದಿರೋದು ಚಳಿ. ಒಂಬತ್ತಿಂಚಿನ ಗೋಡೆ, ಗ್ಯಾಸ್ ಬಿಲ್ ಡಿಸೆಂಬರಲ್ಲಿ ಉರಿಯುತ್ತೆ. ಒಳಗಡೆಯಿಂದ ವುಡ್ ಫೈಬರ್ ಬೋರ್ಡ್ ಹಾಕಿ ಮೇಲೆ ಸುಣ್ಣದ ಪ್ಲಾಸ್ಟರ್ ಮಾಡಿದ್ರೆ ಗೋಡೆ ಉಸಿರಾಡುತ್ತೆ ಅಂತಾರೆ, ಆದ್ರೆ ಮೊದ್ಲೇ ಚಿಕ್ಕ ರೂಮು, ಹೊರಗೋಡೆಯಿಂದ ನಾಕೈದು ಇಂಚು ಹೋಗುತ್ತೆ, ಮಂಚ ಹಿಡಿಯುತ್ತೋ ಇಲ್ವೋ ಅಂತ ಟೇಪ್ ಹಿಡ್ಕೊಂಡು ಅಳೀತಾ ಇದೀವಿ. ಈ ಥರ ಮನೇಲಿ ಅದನ್ನ ಮಾಡ್ಸಿದೋರು ಇದ್ರೆ ಎಷ್ಟಾಯ್ತು, ಬಿಲ್ ಎಷ್ಟು ಇಳೀತು ಅಂತ ತಿಳಿಸಿ.