ಅಗಲಕ್ಕೆ ಮಿತಿ ಹಾಕಿ, ಎತ್ತರ ಬೆಳೆಯಲು ಬಿಡಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ ಶುರುವಾದರೆ ಅಪ್ಪ ದಿನಾ ಸಂಜೆ ಧಾರಣೆ ನೋಡುತ್ತಾರೆ. ಅವರಿಗೆ ಅಂತಲೇ ಒಂದು ಸಣ್ಣ ವೆಬ್ ಪುಟ ಮಾಡಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದು ಬಾಕ್ಸ್. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು. ಅಪ್ಪನ ಫೋನಿನಲ್ಲಿ ‘ಬೆಟ್ಟೆ’ ಹೋಗಿ ‘ಬೆಟೆ’ ಆಗಿತ್ತು. “ಇದೇನೋ, ಒತ್ತೇ ಇಲ್ವಲ್ಲ?” ಅಂದರು.

ಸಿಎಸ್ಎಸ್‌ನಲ್ಲಿ, ಅಂದರೆ ವೆಬ್ ಪುಟದ ಅಳತೆ, ರೂಪ ಹೇಳುವ ಭಾಷೆಯಲ್ಲಿ, ಬಾಕ್ಸಿನ ಹೈಟ್ (ಎತ್ತರ) 24 ಪಿಕ್ಸೆಲ್ ಅಂತ ಬರೆದು, ಓವರ್‌ಫ್ಲೋಗೆ ಹಿಡನ್ ಕೊಟ್ಟಿದ್ದೆ, ಅಂದರೆ ಬಾಕ್ಸಿನಿಂದ ಹೊರಬಂದದ್ದು ಕಾಣುವುದಿಲ್ಲ. ಅಪ್ಪ ಕಣ್ಣಿಗೆ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಅಕ್ಷರ ಬೆಳೆಯಿತು, ಬಾಕ್ಸ್ ಬೆಳೆಯಲಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ ಅಲ್ವಾ, ಮೊದಲ ಕತ್ತರಿ ಅದಕ್ಕೇ ಬೀಳುತ್ತದೆ.

ಅವತ್ತಿನಿಂದ ಅಕ್ಷರ ಇರುವ ಯಾವ ಬಾಕ್ಸಿಗೂ ನಾನು ಹೈಟ್ ಬರೆಯುವುದಿಲ್ಲ. ಮಿನ್-ಹೈಟ್ ಬರೆಯುತ್ತೇನೆ. ಕಡಿಮೆ ಅಂದರೆ ಇಷ್ಟು ಇರಲಿ, ಬೇಕಾದರೆ ಬೆಳೆಯಲಿ ಅಂತ ಅದರ ಅರ್ಥ. ಅಳತೆಯನ್ನೂ ಪಿಕ್ಸೆಲ್ ಬಿಟ್ಟು ರೆಮ್‌ನಲ್ಲಿ ಕೊಡಿ. ಪುಟದ ಮೂಲ ಅಕ್ಷರದ ಗಾತ್ರ ಬದಲಾದರೆ ರೆಮ್ ಕೂಡ ಬದಲಾಗುತ್ತದೆ. ಮಾಮೂಲಿ 16 ಪಿಕ್ಸೆಲ್ ಇದ್ದಾಗ 3 ರೆಮ್ ಅಂದರೆ 48 ಪಿಕ್ಸೆಲ್, ಹೆಬ್ಬೆರಳಲ್ಲಿ ಒತ್ತುವ ಬಟನ್ನಿಗೆ ಸಾಕಾಗುತ್ತದೆ. ಲೈನ್-ಹೈಟ್ (ಒಂದು ಸಾಲಿನ ಎತ್ತರ, ಅಕ್ಷರದ ಗಾತ್ರದ ಎಷ್ಟು ಪಟ್ಟು ಅಂತ) 1.6 ಇಡಿ, ಮುಂದೆ ಪಿಕ್ಸೆಲ್ ಅಂತ ಸೇರಿಸಬೇಡಿ. ಕನ್ನಡಕ್ಕೆ 1.2 ಇಕ್ಕಟ್ಟು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಅಗಲದ ಲೆಕ್ಕ ಬೇರೆ. ಅಲ್ಲಿ ಮೇಲ್ಮಿತಿ ಬೇಕು. ವಿಡ್ತ್ (ಅಗಲ) 100%, ಮ್ಯಾಕ್ಸ್-ವಿಡ್ತ್ 36 ರೆಮ್ ಕೊಟ್ಟರೆ ಫೋನಿನಲ್ಲಿ ಬಾಕ್ಸ್ ಪೂರ್ತಿ ಹರಡುತ್ತದೆ, ದೊಡ್ಡ ಪರದೆಯಲ್ಲಿ ಒಂದು ಹದಕ್ಕೆ ನಿಲ್ಲುತ್ತದೆ. ಮಿನ್ ಮತ್ತು ಮ್ಯಾಕ್ಸ್ ಜಗಳಕ್ಕೆ ಬಿದ್ದರೆ ಗೆಲ್ಲುವುದು ಮಿನ್. ನೆನಪಿರಲಿ.

ಇನ್ನೊಂದು ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ವಿಡ್ತ್ 300 ಪಿಕ್ಸೆಲ್ ಅಂತ ಬರೆದು, ಎರಡೂ ಬದಿಗೆ 20 ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), 1 ಬಾರ್ಡರ್ (ಅಂಚಿನ ಗೆರೆ) ಕೊಟ್ಟರೆ ಬಾಕ್ಸಿನ ನಿಜವಾದ ಅಗಲ 342. ಅಪ್ಪನ ಫೋನು 360 ಅಗಲ. ಪುಟದ ಎರಡೂ ಅಂಚಿಗೆ 16ರಂತೆ ಬಿಟ್ಟರೆ ಉಳಿಯುವುದು 328. ಬಾಕ್ಸ್ 14 ಪಿಕ್ಸೆಲ್ ಹೊರಗೆ! ಎಲ್ಲದಕ್ಕೂ ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್ ಅಂತ ಮೊದಲ ಸಾಲಿನಲ್ಲೇ ಬರೆದುಬಿಡಿ. ಆಗ ಪ್ಯಾಡಿಂಗ್, ಬಾರ್ಡರ್ ಎರಡೂ ಒಳಗೇ ಸೇರಿ 300 ಅಂದರೆ 300.

ಹೆಸರು ಎಡಕ್ಕೆ, ರೇಟು ಬಲಕ್ಕೆ ಅಂತ ಬಾಕ್ಸುಗಳನ್ನು ಒಂದೇ ಸಾಲಿನಲ್ಲಿ ಕೂರಿಸುವ ಫ್ಲೆಕ್ಸ್ ಬಳಸುತ್ತೀರಾ? ಫ್ಲೆಕ್ಸ್ ಒಳಗಿನ ಬಾಕ್ಸು ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಚಿಕ್ಕದಾಗಲು ಸುಮ್ನೆ ಒಪ್ಪುವುದಿಲ್ಲ. ಕನ್ನಡದಲ್ಲಿ ‘ಮಾರುಕಟ್ಟೆಗಳಲ್ಲೆಲ್ಲಾ’ ಅಂತ ಒಂದೇ ಪದ ಇಷ್ಟುದ್ದ ಬೆಳೆಯುತ್ತದೆ, ಹಾಗಾಗಿ ರೇಟು ಪರದೆಯಾಚೆ ಹೋಗುತ್ತದೆ. ಹೆಸರಿನ ಬಾಕ್ಸಿಗೆ ಮಿನ್-ವಿಡ್ತ್ 0, ಜೊತೆಗೆ ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್ ಕೊಡಿ, ಉದ್ದ ಪದ ಮುರಿದು ಕೆಳಗಿನ ಸಾಲಿಗೆ ಬರುತ್ತದೆ. ರೇಟಿಗೆ ಫ್ಲೆಕ್ಸ್-ಶ್ರಿಂಕ್ 0. ಅಂಕಿ ಮಾತ್ರ ಕುಗ್ಗಬಾರದು.

ಹೈಟ್ 100% ಕೊಟ್ಟೂ ಏನೂ ಆಗಲಿಲ್ಲ ಅಂದರೆ ಹೊರಗಿನ ಬಾಕ್ಸ್ ನೋಡಿ. ಅದಕ್ಕೇ ಎತ್ತರ ಗೊತ್ತಿಲ್ಲದಿದ್ದರೆ ಶೇಕಡಾ ಯಾವುದರ ಮೇಲೆ ಹಾಕುವುದು? ಪರದೆ ತುಂಬಬೇಕಾದರೆ ಮಿನ್-ಹೈಟ್ 100 ವಿಎಚ್ (ಪರದೆಯ ಎತ್ತರದ ನೂರು ಭಾಗ) ಬರೆದು, ಕೆಳಗಿನ ಸಾಲಿನಲ್ಲಿ ಮಿನ್-ಹೈಟ್ 100 ಡಿವಿಎಚ್ (ಅಡ್ರೆಸ್ ಬಾರ್ ಬಂದು ಹೋದಂತೆ ಬದಲಾಗುವ ವಿಎಚ್) ಬರೆಯಿರಿ. ಫೋನಿನಲ್ಲಿ ಬರೀ ವಿಎಚ್ ಇದ್ದರೆ ಅಡ್ರೆಸ್ ಬಾರ್ ಕಾಣುವಾಗ ಪುಟದ ಅಡಿ ಕೆಳಗೆ ಜಾರುತ್ತದೆ. ಡಿವಿಎಚ್ ಗೊತ್ತಿಲ್ಲದ ಹಳೇ ಬ್ರೌಸರು ಮೊದಲ ಸಾಲನ್ನೇ ಹಿಡಿದುಕೊಳ್ಳುತ್ತದೆ.

ಮುಗಿದ ಮೇಲೆ ಬ್ರೌಸರನ್ನು 320 ಪಿಕ್ಸೆಲ್‌ಗೆ ಕಿರಿದು ಮಾಡಿ, ಅಕ್ಷರ 200% ಮಾಡಿ, ‘ಬೆಟ್ಟೆ’ಯ ಒತ್ತು ಹುಡುಕಿ.