ಮೇಷ್ಟ್ರಿಗೆ ಅವರದೇ ಹಾಳೆಗಳನ್ನು ನುಡಿಸಿ ಕೊಟ್ಟಿದ್ದು

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಓದುವಾಗ ನಾನು ಒಂದು ಡ್ರಮ್ ಕೋರ್‌ನಲ್ಲಿ ಮೆಲೊಫೋನ್ ಅನ್ನುವ ಹಿತ್ತಾಳೆ ವಾದ್ಯ ಊದುತ್ತಿದ್ದೆ. ಹಾಗಂದ್ರೆ ಏನು ಅಂತ ಮೈಸೂರಿನ ನೆಂಟರು ಕೇಳಿದರೆ ದಸರೆಯ ಪಂಜಿನ ಕವಾಯತನ್ನು ನೆನಪಿಸುತ್ತೇನೆ. ಅಲ್ಲಿ ಪೊಲೀಸ್ ಬ್ಯಾಂಡ್ ನಡೆದರೆ, ಇಲ್ಲಿ ಹುಡುಗ ಹುಡುಗಿಯರು ಫುಟ್‌ಬಾಲ್ ಮೈದಾನದ ತುಂಬ ಓಡಾಡುತ್ತಾ ನುಡಿಸುತ್ತಾರೆ. ನಮ್ಮ ಕಾಲದಲ್ಲಿ ಹಿತ್ತಾಳೆ ವಾದ್ಯ, ಡ್ರಮ್, ಬಾವುಟದವರು, ಅಷ್ಟೇ. ಕ್ಲಾರಿನೆಟ್ಟು, ಸ್ಯಾಕ್ಸೊಫೋನು ಇರಲಿಲ್ಲ.

ನಮಗೆ ಊದಲು ಕಲಿಸಿದವರೂ, ನಾವು ಊದುವ ಸ್ವರಗಳನ್ನು ಬರೆದವರೂ ಒಬ್ಬರೇ ಮೇಷ್ಟ್ರು. ಅವರು ನಿವೃತ್ತರಾಗುತ್ತಾರೆ ಅಂತ ಗೊತ್ತಾದಾಗ ಹಳೆಯ ಹುಡುಗರೆಲ್ಲ ಫೋನಿನಲ್ಲಿ ಸೇರಿದೆವು. ಫಲಕ, ಊಟ, ಹಳೆಯ ಫೋಟೋಗಳು ಅಂತ ಮಾತು ಶುರುವಾಯಿತು. ನಾನು ಅಡ್ಡ ಮಾತಾಡಿದೆ. ಇಂಥ ತಂಡಗಳ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನಲ್ಲಿ ಅತ್ಯುತ್ತಮ ಬ್ರಾಸ್‌ಗೆ, ಅಂದರೆ ಹಿತ್ತಾಳೆ ವಾದ್ಯದವರಿಗೆ, ಕೊಡುವ ಪ್ರಶಸ್ತಿಗೆ ಜಿಮ್ ಆಟ್ ಹೆಸರಿದೆ. ಸ್ಪಿರಿಟ್ ಆಫ್ ಅಟ್ಲಾಂಟಾ ತಂಡಕ್ಕೆ ಸಂಗೀತ ಬರೆಯುತ್ತಿದ್ದ ಅವರು 1980ರಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡರು. ಆ ಗೌರವವನ್ನು ಅವರು ನೋಡಲೇ ಇಲ್ಲ. ನಮ್ಮ ಮೇಷ್ಟ್ರು ಎದುರಿಗೇ ಇದ್ದಾರೆ, ಕಿವಿಯೂ ಚೆನ್ನಾಗಿದೆ. ಬರೆದವರಿಗೆ ಅವರು ಬರೆದದ್ದನ್ನೇ ನುಡಿಸೋಣ ಅಂದೆ.

ಒಪ್ಪಿದರು, ಕೆಲಸ ನನ್ನ ತಲೆಗೇ ಬಂತು.

ಹಾಳೆಗಳು ಒಬ್ಬರ ಗ್ಯಾರೇಜಿನ ರಟ್ಟಿನ ಡಬ್ಬದಲ್ಲಿದ್ದವು. ಪೆನ್ಸಿಲ್ ಬರಹದ ಮಾಸಿದ ಜೆರಾಕ್ಸ್ ಪ್ರತಿಗಳು. ಎಲ್ಲಕ್ಕಿಂತ ತಗ್ಗಿನ ಸ್ವರ ಊದುವ ಕಾಂಟ್ರಾಬೇಸ್‌ನವರ ಹಾಳೆ ಇರಲೇ ಇಲ್ಲ. ಅದನ್ನು ಹಳೆಯ ಕ್ಯಾಸೆಟ್ ಕೇಳಿ ಕೇಳಿ ಬರೆದುಕೊಂಡೆ. ಒಂದು ಕಿವಿಮಾತು: ಕ್ಯಾಸೆಟ್ ಓಡುವ ವೇಗದಲ್ಲಿ ಚೂರು ಹೆಚ್ಚುಕಮ್ಮಿ ಇದ್ದರೂ ಶ್ರುತಿ ಏರುಪೇರಾಗುತ್ತದೆ. ಮೊದಲು ಗೊತ್ತಿರುವ ಒಂದು ಸ್ವರಕ್ಕೆ ವೇಗ ಹೊಂದಿಸಿಕೊಳ್ಳಿ.

ನಿಜವಾದ ತಲೆನೋವು ವಾದ್ಯಗಳದ್ದು. ನಮ್ಮ ಕಾಲದ ಬ್ಯೂಗಲ್‌ಗಳು, ಅಂದರೆ ಡ್ರಮ್ ಕೋರ್‌ನ ಹಿತ್ತಾಳೆ ವಾದ್ಯಗಳು, ಎಲ್ಲವೂ ಜಿ ಶ್ರುತಿಯವು: ಹಾಳೆಯ ಸಿ ಊದಿದರೆ ಕೇಳುವುದು ಜಿ. ಬೇರೆ ಶ್ರುತಿಯ ವಾದ್ಯಗಳಿಗೆ ಒಪ್ಪಿಗೆ ಸಿಕ್ಕಿದ್ದು 2000ರಲ್ಲಿ. ಈಗ ಯಾರ ಹತ್ತಿರವೂ ಜಿ ಬ್ಯೂಗಲ್ ಇಲ್ಲ. ಕೈಗೆ ಸಿಗುವುದು ಬಿ-ಫ್ಲ್ಯಾಟ್ ಟ್ರಂಪೆಟ್ಟು, ಎಫ್ ಮೆಲೊಫೋನು. ಟ್ರಂಪೆಟ್ಟಿನ ಸಾಲನ್ನು ಮೂರು ಅರೆಸ್ವರ ಕೆಳಗಿಳಿಸಿ ಬರೆಯಬೇಕು, ಮೆಲೊಫೋನಿನದ್ದನ್ನು ಎರಡು ಅರೆಸ್ವರ ಮೇಲಕ್ಕೆ. ಸಲೀಸಾಗಿದ್ದ ಸಿ ಮೇಜರ್ ಟ್ರಂಪೆಟ್ಟಿನವರಿಗೆ ಮೂರು ಶಾರ್ಪ್‌ಗಳ ಎ ಮೇಜರ್ ಆಗುತ್ತದೆ. ಅವರು ಬೈದುಕೊಂಡೇ ಕಲಿತರು. ಇಡೀ ಹಾಡನ್ನೇ ಅರೆಸ್ವರ ಏರಿಸಿಬಿಡು, ಬೆರಳಿಗೆ ಸುಲಭ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಆ ಹಾಡಿನ ಗಾಢತೆ ಇರುವುದೇ ಆ ಶ್ರುತಿಯಲ್ಲಿ.

ಇನ್ನೊಂದು ವಾದ ಜಾಸ್ತಿ ಹೊತ್ತು ನಡೆಯಿತು. ವಾಲ್ವ್ ಅಂದರೆ ಸ್ವರ ಬದಲಿಸಲು ಒತ್ತುವ ಗುಂಡಿ. ಮೂರು ವಾಲ್ವಿನ ಬ್ಯೂಗಲ್‌ಗೆ ಅನುಮತಿ ಬಂದದ್ದು 1990ರಲ್ಲಿ. ಅದಕ್ಕೂ ಮುಂಚೆ ನಮ್ಮದು ಎರಡೇ ವಾಲ್ವ್. ಎರಡು ವಾಲ್ವಿನಲ್ಲಿ ಕೆಲವು ಸ್ವರ ಹುಟ್ಟುವುದೇ ಇಲ್ಲ. ಹಾಳೆಯಲ್ಲಿ ಮಧ್ಯದ ಸಿ ಆದ ಮೇಲೆ ಬರುವ ಸಿ-ಶಾರ್ಪ್, ಡಿ, ಇ-ಫ್ಲ್ಯಾಟ್ ಮೂರೂ ಇಲ್ಲ. ಅವೇ ಸ್ವರ ಒಂದು ಸಪ್ತಕ ಮೇಲೆ ಸಿಗುತ್ತವೆ. ನಿಧಾನದ ಹಾಡೊಂದರಲ್ಲಿ ಸಿ, ಇ-ಫ್ಲ್ಯಾಟ್, ಜಿ ಒಟ್ಟಿಗೆ ಕೇಳುವ ಸಿ ಮೈನರ್ ಕಾರ್ಡ್ ಇದೆ. ಅದಕ್ಕೆ ಇ-ಫ್ಲ್ಯಾಟ್ ಇಲ್ಲದಿದ್ದರೆ ಮೈನರ್ ಅನ್ನುವುದೇ ಇಲ್ಲ. ಮೇಷ್ಟ್ರು ಅದನ್ನು ಮೆಲೊಫೋನ್‌ನವರಿಂದ ತೆಗೆದು, ಮೇಲಿನ ಸಪ್ತಕದಲ್ಲಿ ಸೊಪ್ರಾನೊಗಳಿಗೆ (ಟ್ರಂಪೆಟ್ಟಿನ ಸಾಲು ಊದುವ ಬ್ಯೂಗಲ್‌ಗಳಿಗೆ), ಅದೂ ಮೆಲ್ಲಗೆ ಊದಲು ಕೊಟ್ಟಿದ್ದರು. ನಡುವೆ ಬರೀ ಸಿ ಮತ್ತು ಜಿ. ನಡು ಟೊಳ್ಳು, ನೋವೆಲ್ಲ ಮೇಲೆ.

ಈಗ ಮೂರು ವಾಲ್ವ್ ಇದೆಯಲ್ಲ, ಆ ಸ್ವರವನ್ನು ಮೆಲೊಫೋನಿಗೆ ವಾಪಸ್ ಕೊಟ್ಟು ಕಾರ್ಡ್ ತುಂಬಿಸೋಣ ಅಂದ ಗೆಳೆಯ. ಸಂಗೀತ ಓದಿದವನು. ಅವನ ಮಾತು ತಪ್ಪೇನಲ್ಲ. ಆದರೆ ವಾದ್ಯ ಕೊಡದಿದ್ದನ್ನು ಸುತ್ತು ಹಾಕಿ ಪಡೆದದ್ದೇ ಮೇಷ್ಟ್ರ ಕೈಚಳಕ. ಅದನ್ನು ಸರಿಮಾಡಿದರೆ ಹಾಡು ಯಾರದ್ದೋ ಆಗುತ್ತದೆ. ಒಂದು ಸ್ವರವನ್ನೂ ಮುಟ್ಟಲಿಲ್ಲ.

ಅಭ್ಯಾಸ ಒಂದು ಶಾಲೆಯ ಪಾರ್ಕಿಂಗ್ ಜಾಗದಲ್ಲಿ, ಅರ್ಧಚಂದ್ರಾಕಾರವಾಗಿ ನಿಂತು. ಐವತ್ತು ದಾಟಿದ ತುಟಿಗಳು ಬೇಗ ಸೋಲುತ್ತವೆ. ಜೋರಿನ ಹಾಡುಗಳ ನಡುವೆ ನಿಧಾನದ್ದನ್ನು ಇಟ್ಟು ಉಸಿರಾಡಲು ಬಿಟ್ಟೆವು. ಎತ್ತರದ ಸ್ವರಗಳನ್ನು ಇಬ್ಬಿಬ್ಬರು ಹಂಚಿಕೊಂಡರು. ನಡೆಯುತ್ತಾ ನುಡಿಸುವ ಆಸೆಯನ್ನು ಮೊದಲೇ ಕೈಬಿಟ್ಟಿದ್ದೆವು, ಮಂಡಿ ಕೇಳಬೇಕಲ್ವಾ!

ಆ ದಿನ ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ ಸುಮ್ನೆ ಕೂತು ಕೇಳುತ್ತಾರೆ ಅಂದುಕೊಂಡಿದ್ದೆವು. ಮೊದಲ ಹಾಡು ಮುಗಿಯುವ ಮುಂಚೆಯೇ ಎದ್ದು ಬಂದು ಕೈ ಎತ್ತಿ ನಿಲ್ಲಿಸಿದರು. ಬ್ಯಾರಿಟೋನ್‌ನವರು ಉಸಿರು ತಡವಾಗಿ ತೆಗೆದುಕೊಳ್ಳುತ್ತಿದ್ದಾರಂತೆ. ಇನ್ನೊಮ್ಮೆ ಅಂದರು. ಆಮೇಲೆ ಪೂರ್ತಿ ಅವರೇ ನಡೆಸಿದರು. ಭಾಷಣಕ್ಕೆ ಅಂತ ಇಟ್ಟಿದ್ದ ಹೊತ್ತೆಲ್ಲ ರಿಹರ್ಸಲ್ಲಿಗೇ ಹೋಯಿತು.

ಫಲಕವನ್ನೂ ಕೊಟ್ಟೆವು. ಜೊತೆಗೆ ಎಲ್ಲ ಹಾಳೆಗಳನ್ನೂ ಹೊಸದಾಗಿ ಅಚ್ಚು ಹಾಕಿ, ಮೂಲ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಕೊಟ್ಟೆವು. ವಿಡಿಯೋ ಎಲ್ಲೂ ಹಾಕಿಲ್ಲ. ಮೇಷ್ಟ್ರು ನಮ್ಮ ವಾದ್ಯಗಳಿಗೆ ಹೊಂದಿಸಿ ಬರೆದದ್ದು ಬೇರೆಯವರ ಹಾಡುಗಳನ್ನು. ಆ ಮೂಲ ಹಾಡುಗಳ ಹಕ್ಕು ಪ್ರಕಾಶಕರದ್ದು, ಅದಕ್ಕೆ ಬೇರೆಯೇ ಅನುಮತಿ ಬೇಕು. ಇಂಥದ್ದನ್ನು ಮಾಡಹೊರಟವರು ಆ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿ.