ಕಬ್ಬಿಣದ ಚಿಲಕಕ್ಕೆ ತಾಮ್ರ ಹಿಡಿಸಿದ್ದು

ಬದಿಯಡ್ಕದ ಸುತ್ತಮುತ್ತ ಅಡಿಕೆ ತೋಟ ಇರುವವರಿಗೆಲ್ಲ ಮೈಲುತುತ್ತು, ಅಂದರೆ ಕಾಪರ್ ಸಲ್ಫೇಟ್, ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕಲ್ವಾ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಹದ ನೋಡಲು ಹೊಳೆಯುವ ಕತ್ತಿ ಅದ್ದುತ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು. ಆ ಕೆಂಪು ತಾಮ್ರವೇ.

ಹಳೆ ಬಾಗಿಲಿನ ಕಬ್ಬಿಣದ ಚಿಲಕಗಳಿಗೆ ತಾಮ್ರ ಹಿಡಿಸಲು ನನ್ನ ವರ್ಕ್‌ಶಾಪಿಗೆ ಬಂದ ಬಡಗಿಯೊಬ್ಬರು ಅದನ್ನೇ ಕೇಳಿದರು: "ಅಣ್ಣಾ, ಮೈಲುತುತ್ತಿನ ನೀರಲ್ಲಿ ಅದ್ದಿ ತೆಗೆದರೆ ಆಗುವುದಿಲ್ವಾ? ಕರೆಂಟು ಯಾಕೆ?"

ಆಗುವುದಿಲ್ಲ. ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ಅದರ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ. ತುಂಬ ಬೇಗ ಕೂರುವುದರಿಂದ ಹಿಡಿತ ಇರುವುದಿಲ್ಲ. ಬಟ್ಟೆಯಲ್ಲಿ ಉಜ್ಜಿದರೆ ಎದ್ದು ಬರುತ್ತದೆ. ಕರೆಂಟು ಕೊಟ್ಟರೂ ಅಷ್ಟೇ, ಮೊದಲ ಪದರ ಸಡಿಲವಾದರೆ ಮೇಲೆ ಎಷ್ಟು ದಪ್ಪ ಕಟ್ಟಿದರೂ ಸಿಪ್ಪೆಯಂತೆ ಕಳಚುತ್ತದೆ.

ದೊಡ್ಡ ಕಡೆಗಳಲ್ಲಿ ಇದಕ್ಕೆ ಸೈನೈಡ್ ತಾಮ್ರದ ತೊಟ್ಟಿ ಇಡುತ್ತಾರೆ. ಮನೆ ಪಕ್ಕದ ಶೆಡ್ಡಿನಲ್ಲಿ ಸೈನೈಡ್ ನನಗೆ ಬೇಡವೇ ಬೇಡ. ನಾನು ಮೊದಲು ಕರೆಂಟಿನಲ್ಲೇ ತೆಳ್ಳಗೆ ನಿಕ್ಕಲ್ ಹಿಡಿಸುತ್ತೇನೆ. ಲೀಟರಿಗೆ ಸುಮಾರು 250 ಗ್ರಾಂ ನಿಕ್ಕಲ್ ಸಲ್ಫೇಟ್, 45 ಗ್ರಾಂ ನಿಕ್ಕಲ್ ಕ್ಲೋರೈಡ್, 35 ಗ್ರಾಂ ಬೋರಿಕ್ ಆಸಿಡ್. ಬಿಸಿ 50 ಡಿಗ್ರಿ ಇರಬೇಕು. ನಿಕ್ಕಲ್ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಕೂತರೆ ಸಾಕು, ತಾಮ್ರದ ನೀರು ಕಬ್ಬಿಣವನ್ನು ಮುಟ್ಟುವುದಿಲ್ಲ.

ಅದಕ್ಕೂ ಮುಂಚೆ ಎಮರಿ ಕಾಗದದಲ್ಲಿ ಉಜ್ಜುವುದು, ಬಿಸಿ ಕಾಸ್ಟಿಕ್ ಸೋಡಾ, ತೊಳೆತ, ತುಕ್ಕಿಗೆ ಸ್ವಲ್ಪ ಆಸಿಡ್, ಮತ್ತೆ ತೊಳೆತ. ಎತ್ತಿ ಹಿಡಿದಾಗ ನೀರು ಚಿಲಕದ ತುಂಬ ಒಂದೇ ಪದರವಾಗಿ ನಿಲ್ಲಬೇಕು. ಎಲ್ಲಾದರೂ ಹನಿಯಾಗಿ ಒಡೆದರೆ ಅಲ್ಲಿ ಎಣ್ಣೆ ಉಳಿದಿದೆ. ಮತ್ತೆ ಸೋಡಾಕ್ಕೆ ಹಾಕಿ, ಬೇರೆ ದಾರಿ ಇಲ್ಲ.

ತಾಮ್ರದ ತೊಟ್ಟಿಗೆ ತೋಟದ ಮೈಲುತುತ್ತು ಹಾಕಬೇಡಿ, ಅದರಲ್ಲಿ ಕಲಬೆರಕೆ ಇರಬಹುದು. ಶುದ್ಧವಾದದ್ದು ಲೀಟರಿಗೆ 200 ಗ್ರಾಂ, ಗಂಧಕಾಮ್ಲ 50 ಗ್ರಾಂ, ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಬ್ಯಾಟರಿ ಆಸಿಡ್ ಅಲ್ಲ). ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಪ್ಲಸ್‌ಗೆ ತಾಮ್ರದ ಪಟ್ಟಿ, ಮೈನಸ್‌ಗೆ ಚಿಲಕ. ನೂರು ಚದರ ಸೆಂಟಿಮೀಟರಿಗೆ 2 ಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 26 ಮೈಕ್ರಾನ್ ತಾಮ್ರ ಕೂರುತ್ತದೆ. ಅವಸರಕ್ಕೆ ಆಂಪಿಯರ್ ಜಾಸ್ತಿ ಮಾಡಿದರೆ ಅಂಚು ಸುಟ್ಟು ಪುಡಿಪುಡಿಯಾಗುತ್ತದೆ. ಚಿಲಕದ ತೂತಿನ ಒಳಗೆ ಹೇಗೂ ತೆಳುವೇ.

ತೊಳೆದು ಒಣಗಿಸಿದ ಕೂಡಲೇ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆಯಿರಿ. ನಮ್ಮ ಕಡಲ ಗಾಳಿಗೆ ತಾಮ್ರ ಬೇಗ ಕಪ್ಪಾಗುತ್ತದೆ.

ಇನ್ನು ನಿಕ್ಕಲ್. ಅದು ಮೈಗೆ ತಾಗಿದರೆ ತುರಿಕೆ ಬರುವವರಿದ್ದಾರೆ, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ. ತೊಳೆದ ನೀರು ಹೊರಗೆ ಚೆಲ್ಲುವುದಂತೂ ಕೂಡದು. ನಮ್ಮದು ಮುರಕಲ್ಲಿನ ನೆಲ, ಸುರಿದದ್ದು ಸೀದಾ ಬಾವಿಗೆ ಇಳಿಯುತ್ತದೆ. ನಾನು ಡ್ರಮ್ಮಿನಲ್ಲಿ ಹಿಡಿದು ಸುಣ್ಣ ಹಾಕುತ್ತೇನೆ. ನಿಕ್ಕಲ್ ಹಸಿರು ಗಸಿಯಾಗಿ ಕೆಳಗೆ ಕೂರುತ್ತದೆ. ಆ ಗಸಿಯನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೆ ಮಾತ್ರ ಕೊಡುತ್ತೇನೆ.